ಬಾನೆಟ್ಟಿನೊಳಗೆ ಕೇರೆಹಾವು, ಮಳೆಗೆ ನಿಲ್ಲುವ ಕಾರು: ತೀರ್ಥಹಳ್ಳಿ ಕಡೆಯ ಒಂದು ಗ್ಯಾರೇಜಿನ ಕೆಲಸ

ಮಳೆ ಬಂದರೆ ನಿಂತುಬಿಡುವ, ಬಿಸಿಲು ಬಿದ್ದರೆ ಏನೂ ಆಗಿಲ್ಲವೆಂಬಂತೆ ಓಡುವ ಕಾರನ್ನು ಮಲೆನಾಡಿನಲ್ಲಿ ಇಟ್ಟುಕೊಂಡವರಿಗೆ ನನ್ನ ಕಷ್ಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮದು 12 ವರ್ಷ ಹಳೆಯ ಪೆಟ್ರೋಲ್ ಕಾರು. ಎರಡು ವರ್ಷಗಳಿಂದ ಆರಿದ್ರಾ ಮಳೆ ಹಿಡಿದೊಡನೆ ಅದು ದಾರಿಯಲ್ಲಿ ಕೈಕೊಡುತ್ತಿತ್ತು. ಶಿವಮೊಗ್ಗದಲ್ಲಿ ಎರಡು ಕಡೆ ತೋರಿಸಿದ್ದಾಯಿತು. ಒಂದು ಕಡೆ ಬ್ಯಾಟರಿ ಬದಲಿಸಿದರು, ಇನ್ನೊಂದು ಕಡೆ ಪೆಟ್ರೋಲ್ ಪಂಪು ಮತ್ತು ಪ್ಲಗ್ಗುಗಳನ್ನು ಬದಲಿಸಿದರು. 14,000 ರೂಪಾಯಿ ಕೈಬಿಟ್ಟ ಮೇಲೂ ರೋಗ ಹಾಗೆಯೇ ಉಳಿಯಿತು. ಅದು ಕೊನೆಗೆ ವಾಸಿಯಾದದ್ದು ತೀರ್ಥಹಳ್ಳಿ ಸಮೀಪದ ಈ ಸಣ್ಣ ಗ್ಯಾರೇಜಿನಲ್ಲಿ. ನಾನು ಅಲ್ಲಿಗೆ ಹೋಗುವಂತಾದದ್ದು ಒಂದು ಹಾವಿನ ದೆಸೆಯಿಂದ.

ಜುಲೈ ತಿಂಗಳ ಒಂದು ಬೆಳಿಗ್ಗೆ ತಂದೆಯವರನ್ನು ಕಣ್ಣಿನ ಪರೀಕ್ಷೆಗೆಂದು ಶಿವಮೊಗ್ಗಕ್ಕೆ ಕರೆದುಕೊಂಡು ಹೊರಟಿದ್ದೆ. ಮನೆ ಬಿಟ್ಟು ನಾಲ್ಕೈದು ಕಿಲೋಮೀಟರ್ ಬಂದಿರಬಹುದು, ವೈಪರಿನ ಬುಡದ ಸಂದಿಯಿಂದ ಹಾವೊಂದು ತಲೆಯೆತ್ತಿ, ಗಾಜಿನ ಮೇಲೆ ಮೊಳದುದ್ದ ಹರಿದು, ವೈಪರ್ ತಾಗಿದೊಡನೆ ತಿರುಗಿ ಬಾನೆಟ್ಟಿನೊಳಕ್ಕೆ ಇಳಿಯಿತು. “ಗಾಡಿ ನಿಲ್ಸು ಮಾರಾಯ, ನಾಗರನೇ ಇರ್ಬೇಕು” ಎಂದು ತಂದೆಯವರು ಕೈಮುಗಿದು ಕುಳಿತರು. ನಿಲ್ಲಿಸಿದ ಕಾರು ಮತ್ತೆ ಚಾಲೂ ಆಗಲಿಲ್ಲ. ಅವರನ್ನು ಬಸ್ಸಿಗೆ ಹತ್ತಿಸಿ, ಪರಿಚಯದವರ ಪಿಕಪ್ಪಿಗೆ ಹಗ್ಗ ಕಟ್ಟಿ ಎಳೆಸಿಕೊಂಡು ಹತ್ತಿರದ ಈ ಗ್ಯಾರೇಜಿಗೆ ತಂದೆ.

ಸುದ್ದಿ ತಿಳಿದು ಸೇರಿದವರಲ್ಲಿ ಒಬ್ಬರು ಸೀಮೆಎಣ್ಣೆ ಸುರಿಯಿರಿ ಎಂದರು, ಇನ್ನೊಬ್ಬರು ಹೊಗೆ ಹಾಕಿ ಎಂದರು. ಗ್ಯಾರೇಜಿನ ಯಜಮಾನರು ಎರಡಕ್ಕೂ ಒಪ್ಪಲಿಲ್ಲ. “ಯಾರೂ ಕೈ ಹಾಕ್ಬೇಡಿ, ಸ್ಟಾರ್ಟೂ ಮಾಡ್ಬೇಡಿ ಸಾರ್. ಬೆಲ್ಟಿಗೆ ಸಿಕ್ಕಿದ್ರೆ ಅದರ ಜೀವ ಹೋಗುತ್ತೆ” ಎಂದು ಹೇಳಿ, ಕೆಲಸದ ಹುಡುಗರನ್ನು ದೂರ ಕಳಿಸಿ, ಹಾವು ಹಿಡಿದು ಕಾಡಿಗೆ ಬಿಡುವ ತಮ್ಮ ಪರಿಚಯದವರೊಬ್ಬರಿಗೆ ಫೋನ್ ಮಾಡಿದರು. ಹೊಗೆಗೆ ಹೆದರಿದ ಹಾವು ಹೊರಗೆ ಬರುವ ಬದಲು ಡ್ಯಾಶ್‌ಬೋರ್ಡಿನ ಹಿಂದಕ್ಕೆ ಸರಿದರೆ ಅದನ್ನು ತೆಗೆಯಲು ಅರ್ಧ ಕಾರನ್ನೇ ಬಿಚ್ಚಬೇಕಾಗುತ್ತದೆ ಎಂಬುದು ಅವರ ಅನುಭವ. ಒಂದೂವರೆ ಗಂಟೆಯ ನಂತರ ಬಂದವರು ಬ್ಯಾಟರಿಯ ಪಕ್ಕದಿಂದ ಹೊರತೆಗೆದದ್ದು ಆರಡಿ ಉದ್ದದ ಕೇರೆಹಾವನ್ನು. ದುಂಡನೆಯ ದೊಡ್ಡ ಕಣ್ಣು, ತುಟಿಯ ಮೇಲಿನ ಕಪ್ಪು ಗೆರೆಗಳು, ಹೆಡೆಯಿಲ್ಲದ ಕತ್ತು, ಇವನ್ನೆಲ್ಲ ತೋರಿಸಿ, ಇದಕ್ಕೆ ವಿಷವಿಲ್ಲವೆಂದೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಇದನ್ನು ಕೊಲ್ಲುವುದು ಅಪರಾಧವೆಂದೂ ವಿವರಿಸಿದರು. ಹಸುವಿನ ಕಾಲಿಗೆ ಸುತ್ತಿಕೊಂಡು ಹಾಲು ಕುಡಿಯುತ್ತದೆ ಎಂದು ನಮ್ಮ ಕಡೆ ಇಂದಿಗೂ ನಂಬಿ ಕೊಲ್ಲುವುದು ಇದನ್ನೇ ಎಂಬುದು ನನಗೆ ಬೇಸರದ ವಿಷಯ.

ಹಾವು ಹೋದ ಮೇಲೆ ನಾನು ಹೊರಡಲು ಎದ್ದೆ. ಯಜಮಾನರು ಬಿಡಲಿಲ್ಲ. ಕೇರೆಹಾವು ಸುಮ್ಮನೆ ಬಾನೆಟ್ಟಿಗೆ ಹತ್ತುವುದಿಲ್ಲ, ಒಳಗೆ ಇಲಿ ಇರಲೇಬೇಕು ಎಂದು ಅವರು ಏರ್ ಫಿಲ್ಟರಿನ ಡಬ್ಬಿ ಬಿಚ್ಚಿದರು. ಅದರೊಳಗೆ ಹಲಸಿನ ಬೀಜದ ಸಿಪ್ಪೆ, ಅಡಿಕೆ ಸಿಪ್ಪೆಯ ನಾರು ಮತ್ತು ಬಾನೆಟ್ಟಿನ ಒಳಹಾಸಿನಿಂದ ಕಿತ್ತ ಹತ್ತಿಯಂಥ ಚೂರುಗಳು ಸೇರಿ ಅಂಗೈಯಗಲದ ಗೂಡಾಗಿತ್ತು. ಬ್ಯಾಟರಿಯ ಕೆಳಗೆ ಒಣಗಿದ ಹಾವಿನ ಪೊರೆಯ ತುಂಡೂ ಸಿಕ್ಕಿತು. ಅಂದರೆ ಹಾವು ಬಂದದ್ದು ಅಂದೇ ಮೊದಲಲ್ಲ. ಅಷ್ಟರಲ್ಲಿ ಒಣಗಿದ ಕಾರು ಎಂದಿನಂತೆ ಚಾಲೂ ಆಯಿತು. ಎಂಜಿನ್ ಓಡುತ್ತಿರುವಾಗಲೇ ಅವರು ಗಿಡಕ್ಕೆ ಔಷಧಿ ಹೊಡೆಯುವ ಕೈಪಂಪಿನಿಂದ ವೈರಿಂಗಿನ ಒಂದೊಂದೇ ಭಾಗಕ್ಕೆ ನೀರು ಸಿಂಪಡಿಸುತ್ತ ಹೋದರು. ಕೆಳಗಡೆ ಒಂದು ಜಾಗಕ್ಕೆ ನೀರು ಬಿದ್ದ ಕೂಡಲೇ ಎಂಜಿನ್ ಎರಡು ಸಲ ಬಿಕ್ಕಿ ನಿಂತುಹೋಯಿತು. ಎರಡು ವರ್ಷ ಯಾರಿಗೂ ಸಿಗದ ದೋಷ ಅರ್ಧ ಗಂಟೆಯಲ್ಲಿ ಕಣ್ಣಮುಂದೆ ಬಂದಿತ್ತು.

ಅಲ್ಲಿದ್ದದ್ದು ಕ್ರ್ಯಾಂಕ್ ಸೆನ್ಸರಿನ ವೈರು. ಎಂಜಿನ್ ಎಷ್ಟು ತಿರುಗಿದೆ ಎಂಬ ಸೂಚನೆ ಆ ವೈರಿನ ಮೂಲಕ ಬರದಿದ್ದರೆ ಎಂಜಿನ್ನಿನ ಕಂಪ್ಯೂಟರು ಕಿಡಿ ಹೊತ್ತಿಸುವುದೇ ಇಲ್ಲ. ಇಲಿಯ ಮುಂದಿನ ಹಲ್ಲುಗಳು ಬದುಕಿರುವವರೆಗೂ ಬೆಳೆಯುತ್ತಲೇ ಇರುವುದರಿಂದ ಅದು ಏನನ್ನಾದರೂ ಕಡಿಯುತ್ತಿರಬೇಕು. ಇಲ್ಲಿ ವೈರಿನ ಮೇಲ್ಪದರವನ್ನು ಕಡಿದು ತಾಮ್ರದ ಎಳೆಗಳನ್ನು ಬಯಲು ಮಾಡಿತ್ತು. ಅವುಗಳ ಮೇಲೆ ಪೂಜೆಯ ಹಳೆಯ ತಂಬಿಗೆಯ ತಳದಲ್ಲಿ ಕಾಣುವಂಥ ಹಸಿರು ಕಿಲುಬು ಕಟ್ಟಿತ್ತು. ಯಜಮಾನರು ಕಿಲುಬು ಹಿಡಿದ ಭಾಗವನ್ನು ಕತ್ತರಿಸಿ, ಹೊಸ ವೈರು ಬೆಸೆದು, ಬಿಸಿ ತಾಗಿದರೆ ಬಿಗಿಯುವ ಕೊಳವೆ ತೊಡಿಸಿದರು. ಗಾಳಿ ಒಳಬರುವ ಕೊಳವೆಯ ಬಾಯಿಗೂ ತಳದ ಎರಡು ಸಂದಿಗಳಿಗೂ ಉಕ್ಕಿನ ಜಾಲರಿ ಕೂರಿಸಿದರು. ಸೌದೆ ಕೊಟ್ಟಿಗೆಯ ಪಕ್ಕ ಕಾರು ನಿಲ್ಲಿಸಬೇಡಿ, ಬೆಳಿಗ್ಗೆ ಹೊರಡುವ ಮುನ್ನ ಬಾನೆಟ್ಟಿನ ಮೇಲೆ ನಾಲ್ಕು ಸಲ ಜೋರಾಗಿ ಬಡಿಯಿರಿ ಎಂದೂ ಹೇಳಿದರು.

ಕೊರತೆಗಳೂ ಇವೆ. ಎರಡು ದಿನವೆಂದ ಕೆಲಸ ನಾಲ್ಕು ದಿನವಾಯಿತು, ನಡುವೆ ಫೋನ್ ಮಾಡಿದರೆ ಎತ್ತಲಿಲ್ಲ. 4,600 ರೂಪಾಯಿಗೆ ಕೊಟ್ಟ ಚೀಟಿಯಲ್ಲಿ ಯಾವುದಕ್ಕೆಷ್ಟು ಎಂಬ ವಿವರವಿಲ್ಲ. ಕೇಳಿದಾಗ ಬಾಯಲ್ಲಿ ಸರಿಯಾಗಿಯೇ ಲೆಕ್ಕ ಒಪ್ಪಿಸಿದರು, ಆದರೆ ಅದು ಬರವಣಿಗೆಯಲ್ಲಿರಬೇಕು. ಜಾಲರಿಯ ಅಂಚನ್ನು ಮಡಚದೆ ಬಿಟ್ಟದ್ದರಿಂದ ನನ್ನ ಬೆರಳು ಕುಯ್ದಿತು. ಹಾವು ಹಿಡಿದವರು ಮಾತ್ರ ಬೈಕಿನ ಪೆಟ್ರೋಲಿಗೆಂದು ಕೊಟ್ಟ 200 ರೂಪಾಯಿಯನ್ನೂ ಒತ್ತಾಯಿಸಿದ ಮೇಲೆ ತೆಗೆದುಕೊಂಡರು.

ಆಮೇಲೆ ಪುಷ್ಯ ಮಳೆಯೂ ಆಶ್ಲೇಷ ಮಳೆಯೂ ಸುರಿದು ಹೋದವು. ಆಗುಂಬೆ ಘಾಟಿಯನ್ನು ಎರಡು ಸಲ ಇಳಿದು ಹತ್ತಿದ್ದೇನೆ, ಕಾರು ಒಮ್ಮೆಯೂ ನಿಂತಿಲ್ಲ. ಕಳೆದ ಭಾನುವಾರ ಬಾನೆಟ್ ಎತ್ತಿ ಟಾರ್ಚ್ ಬಿಟ್ಟು ನೋಡಿದೆ. ಜಾಲರಿಯ ಪಕ್ಕದ ರಬ್ಬರಿನ ಮೇಲೆ ಹೊಸ ಹಲ್ಲಿನ ಗುರುತುಗಳಿದ್ದವು. ಅದರಾಚೆಗಿನ ವೈರು ಹಾಗೆಯೇ ಇತ್ತು.