ತಲೆಪೆಟ್ಟಿನ ನಂತರದ ತೊಂದರೆಗೆ ಹೈಪರ್‌ಬೇರಿಕ್ ಆಕ್ಸಿಜನ್: 40 ಸಿಟ್ಟಿಂಗ್ ತೆಗೆದುಕೊಳ್ಳುವ ಮುನ್ನ

ಹೈಪರ್‌ಬೇರಿಕ್ ಆಕ್ಸಿಜನ್ ಎಂದರೆ ಮುಚ್ಚಿದ ಚೇಂಬರಿನೊಳಗೆ ಒತ್ತಡ ಏರಿಸಿ ಆಮ್ಲಜನಕ ಉಸಿರಾಡಿಸುವ ಚಿಕಿತ್ಸೆ. ತಲೆಗೆ ಪೆಟ್ಟಾಗಿ ತಿಂಗಳುಗಳು ಕಳೆದರೂ ತಲೆನೋವು, ಮರೆವು, ನಿದ್ದೆಗೇಡು ಬಿಡದವರಿಗೆ ಕೊಡುವ ಕೋರ್ಸ್ ಹೆಚ್ಚಾಗಿ 40 ಸಿಟ್ಟಿಂಗ್‌ನದು. ಒತ್ತಡ 1.5 ಎಟಿಎ, ಅಂದರೆ ಸುತ್ತಲಿನ ಗಾಳಿಯ ಒತ್ತಡದ ಒಂದೂವರೆ ಪಟ್ಟು. ಅದರಲ್ಲಿ 60 ನಿಮಿಷ ಶುದ್ಧ ಆಮ್ಲಜನಕ. ವಾರಕ್ಕೆ ಐದು ದಿನವೆಂದರೂ ಎರಡು ತಿಂಗಳು ಹಿಡಿಯುತ್ತದೆ.

ಹೆಚ್ಚು ಕಾಡುವುದು ಕಿವಿ. ಒತ್ತಡ ಏರುವ ಮೊದಲ ಕೆಲವು ನಿಮಿಷಗಳೇ ಕಷ್ಟ. ನೋವು ಬರಲೆಂದು ಕಾಯಬೇಡಿ. ಗಾಳಿ ನುಗ್ಗುವ ಸದ್ದು ಕೇಳಿದ ಕೂಡಲೇ ಉಗುಳು ನುಂಗಿ, ಆಕಳಿಸಿ, ಇಲ್ಲವೇ ಮೂಗು ಹಿಡಿದು ಮೆಲ್ಲಗೆ ಊದಿ. ಕಿವಿ ಕಟ್ಟಿಕೊಂಡರೆ ಟೆಕ್ನಿಷಿಯನ್‌ಗೆ ಸನ್ನೆ ಮಾಡಿ, ಒತ್ತಡ ನಿಲ್ಲಿಸಿ ತುಸು ಇಳಿಸಲಿ. ಕಿವಿ ಮತ್ತು ಗಂಟಲಿನ ನಡುವಿನ ನಾಳ ಒತ್ತಡಕ್ಕೆ ಮುಚ್ಚಿಕೊಂಡ ಮೇಲೆ ಜೋರಾಗಿ ಊದಿದರೆ ತಮಟೆಗೆ ಪೆಟ್ಟು. ನೆಗಡಿಯಿದ್ದ ದಿನ ಹೋಗಲೇಬೇಡಿ.

ಒಳಗೆ ಹತ್ತಿಯ ಬಟ್ಟೆ ಮಾತ್ರ. ತಲೆಗೆ ಎಣ್ಣೆ, ಮುಲಾಮು, ಸೆಂಟು, ಮೊಬೈಲು, ಬ್ಯಾಟರಿಯ ಸಾಮಾನು ಯಾವುದೂ ಬೇಡ. ಇದನ್ನು ತಪಾಸಣೆ ಮಾಡದೆ ಒಳಗೆ ಬಿಡುವ ಕಡೆ ಕಾಲಿಡಬೇಡಿ: 2025ರ ಜನವರಿಯಲ್ಲಿ ಅಮೆರಿಕದ ಮಿಷಿಗನ್ನಿನ ಟ್ರಾಯ್‌ನಲ್ಲಿ ಚೇಂಬರಿಗೆ ಬೆಂಕಿ ಹತ್ತಿ 5 ವರ್ಷದ ಮಗು ತೀರಿಕೊಂಡಿತು. ಸಕ್ಕರೆ ಕಾಯಿಲೆಯವರು ಒಳಹೋಗುವ ಮುಂಚೆ ಸಕ್ಕರೆ ನೋಡಿಸಿಕೊಳ್ಳಲೇಬೇಕು, ಒಳಗೆ ಅದು ಇಳಿಯಬಹುದು. ಎದೆಗೂಡಿನಲ್ಲಿ ಗಾಳಿ ಸೇರಿ ಶ್ವಾಸಕೋಶ ಕುಸಿದಿದ್ದು ಅದಕ್ಕೆ ಚಿಕಿತ್ಸೆಯಾಗಿಲ್ಲದವರಿಗೆ ಈ ಚಿಕಿತ್ಸೆ ಕೂಡದು. ಕೋರ್ಸ್ ನಡುವೆ ದೂರದ್ದು ಮಸುಕಾಗಿ ಕಂಡರೆ ಅವಸರಪಟ್ಟು ಹೊಸ ಕನ್ನಡಕ ಮಾಡಿಸಬೇಡಿ. ಕೋರ್ಸ್ ಮುಗಿದ ಮೇಲೆ ಅದು ಸಾಮಾನ್ಯವಾಗಿ ತಾನೇ ಸರಿಹೋಗುತ್ತದೆ.

ಗುಣವಾಗುತ್ತದೆಯೇ? ಅಮೆರಿಕದ 72 ಸೈನಿಕರ ಮೇಲೆ ನಡೆದ, 2015ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕೆಲವರಿಗೆ 1.5 ಎಟಿಎ ಆಮ್ಲಜನಕ, ಕೆಲವರಿಗೆ 1.2 ಎಟಿಎಯ ಬರೀ ಗಾಳಿ, ಉಳಿದವರಿಗೆ ಚೇಂಬರೇ ಇಲ್ಲ. ಚೇಂಬರ್ ಹೊಕ್ಕ ಎರಡೂ ಗುಂಪು ಸುಧಾರಿಸಿತು, ಆದರೆ ಎರಡರ ನಡುವೆ ವ್ಯತ್ಯಾಸ ಕಾಣಲಿಲ್ಲ. 71 ಸೈನಿಕರ ಇನ್ನೊಂದು ಪ್ರಯೋಗದಲ್ಲಿ 6 ತಿಂಗಳವರೆಗೆ ಕಂಡ ಲಾಭ ವರ್ಷ ತುಂಬುವಷ್ಟರಲ್ಲಿ ಉಳಿಯಲಿಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿದ ಬಳಕೆಗಳ ಪಟ್ಟಿಯಲ್ಲೂ ತಲೆಪೆಟ್ಟು ಇಲ್ಲ. ಹಾಗಾಗಿ ಸಾಲ ಮಾಡಿ ಹೋಗಬೇಡಿ ಎಂದೇ ಹೇಳುತ್ತೇನೆ. ತಲೆಸುತ್ತಿನ ವ್ಯಾಯಾಮ, ನಿದ್ದೆ, ತಲೆನೋವಿನ ಔಷಧಿ ಮೊದಲು ಸರಿಯಾಗಲಿ.

ಆದರೂ ಹೋಗುವುದಾದರೆ, ಶುರುವಿಗೆ ಎರಡು ವಾರ ಮುಂಚಿನಿಂದ ತಲೆನೋವಿನ ದಿನಗಳು, ನಿದ್ದೆಯ ಗಂಟೆ, ನುಂಗಿದ ಮಾತ್ರೆ ಬರೆದಿಡಿ. ಅದೇ ಲೆಕ್ಕ ವರ್ಷ ತುಂಬುವವರೆಗೂ ನಡೆಯಲಿ. ಮನೆಗೆ ಮಾರುವ 1.3 ಎಟಿಎಯ ಮೆತ್ತನೆಯ ಚೀಲದ ಚೇಂಬರ್ ಇದಕ್ಕೆ ಬದಲಿಯಲ್ಲ.