ಮಂಗಳೂರು ಕಂಕನಾಡಿಯ ಭಾನುವಾರದ ಲಿಸ್ಪ್ ಕ್ಲಾಸ್: ಹೋಗಬಹುದಾ?

ಹೋಗಬಹುದು. ಆದರೆ ಲಿಸ್ಪ್ ಹಳೆಯ ಪ್ರೋಗ್ರಾಮಿಂಗ್ ಭಾಷೆ, ಕೆಲಸ ಸಿಗಲಿ ಅಂತ ಹೋಗಬೇಡಿ. ನಾನು ಬಿಜೈಯ ಒಂದು ಸಣ್ಣ ಆಫೀಸಿನಲ್ಲಿ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆಯುವವನು. ಲಿಸ್ಪ್‌ನಿಂದ ನನಗೆ ಅನ್ನ ಹುಟ್ಟುವುದಿಲ್ಲ. 1958ರಲ್ಲಿ ಅಮೆರಿಕದ ಎಂಐಟಿಯಲ್ಲಿ ಜಾನ್ ಮೆಕಾರ್ಥಿ ಶುರು ಮಾಡಿದ್ದು ಇನ್ನೂ ಹೇಗೆ ಬದುಕಿದೆ ಅಂತ ನೋಡುವ ಆಸೆ, ಅಷ್ಟೇ.

ಕಲಿಸುವುದು ರ‍್ಯಾಕೆಟ್‌ನಲ್ಲಿ. ಅದು ಲಿಸ್ಪ್ ಮನೆತನದ್ದೇ, ಪುಕ್ಕಟೆ ಸಿಗುತ್ತದೆ. ವ್ಯಾಕರಣ ಮೊದಲ ಚಹಾದ ಹೊತ್ತಿಗೇ ಮುಗಿಯಿತು. ಬ್ರಾಕೆಟ್ ತೆರೆ, ಮಾಡಬೇಕಾದ ಕೆಲಸ ಮೊದಲು ಬರೆ, ಉಳಿದದ್ದು ಆಮೇಲೆ. (+ 180 650 120) ಅಂದರೆ 950. ಗುಣಾಕಾರ ಮೊದಲಾ, ಕೂಡುವುದು ಮೊದಲಾ ಎಂಬ ತಕರಾರೇ ಇಲ್ಲ.

ಉಳಿದ ಹೊತ್ತೆಲ್ಲ ಲಿಸ್ಟ್. ಕ್ಲಾಸಿನ ಜೀವ ಇಲ್ಲಿದೆ. ಮಾಷ್ಟ್ರು ಕೀಬೋರ್ಡ್ ಮುಟ್ಟಲು ಬಿಡುವುದಿಲ್ಲ, ಸೀಮೆಸುಣ್ಣ ಕೊಟ್ಟು ಬೋರ್ಡಿಗೆ ಕರೆಯುತ್ತಾರೆ. '(ಬಂಗುಡೆ ಅಂಜಲ್ ಬೂತಾಯಿ) ಅಂತ ಲಿಸ್ಟ್ ಇದ್ದರೆ (ಮೊದಲಿಗಿರುವ ಚಿಹ್ನೆ ಕೋಟ್, ಲೆಕ್ಕ ಮಾಡಬೇಡ, ಹಾಗೇ ಇಡು ಅಂತ) ಮೂರು ಪೆಟ್ಟಿಗೆ. ಪ್ರತಿ ಪೆಟ್ಟಿಗೆಗೆ ಎರಡು ಭಾಗ: ಒಂದರಲ್ಲಿ ಮೀನು, ಇನ್ನೊಂದರಿಂದ ಮುಂದಿನ ಪೆಟ್ಟಿಗೆಗೆ ಬಾಣ. ಕೊನೆಯ ಬಾಣ ಖಾಲಿ ಲಿಸ್ಟಿಗೆ. ‘ಕಾರ್’ ಅಂದರೆ ಬಂಗುಡೆ ಬರುತ್ತದೆ, ‘ಕುಡರ್’ ಅಂದರೆ ಬಂಗುಡೆ ಬಿಟ್ಟು ಉಳಿದ ಲಿಸ್ಟ್. (ಐಬಿಎಂ 704 ಎಂಬ ಹಳೆಯ ಕಂಪ್ಯೂಟರಿನ ಕಾಲದ ಹೆಸರುಗಳು ಮಾರಾಯ್ರೇ, ಇನ್ನೂ ಬಿಟ್ಟಿಲ್ಲ.)

ಹೊಸ ಪೆಟ್ಟಿಗೆ ಮಾಡುವುದು ‘ಕಾನ್ಸ್’. ಪಕ್ಕದಲ್ಲಿ ಕೂತಿದ್ದ ಹುಡುಗಿ ಕೇಳಿದಳು, “ಕಾನ್ಸ್ ಹಾಕಿ ಕೊನೆಗೆ ಸೇರಿಸಲಿಕ್ಕೆ ಆಗುದಿಲ್ವಾ ಸರ್?” ಅವರು ಉತ್ತರ ಹೇಳಲಿಲ್ಲ, “ಚಿತ್ರ ಬರಿ” ಅಂದರು. ಮುಂದೆ ಸೇರಿಸುವುದಾದರೆ ಒಂದೇ ಹೊಸ ಪೆಟ್ಟಿಗೆ, ಹಳೆಯ ಲಿಸ್ಟಿಗೆ ಒಂದು ಬಾಣ, ಮುಗಿಯಿತು. ಲಿಸ್ಟನ್ನು ಎಡಕ್ಕೂ ಮೀನನ್ನು ಬಲಕ್ಕೂ ಇಟ್ಟರೆ ಲಿಸ್ಟೇ ಆಗುವುದಿಲ್ಲ, ನಡುವೆ ಚುಕ್ಕೆ ಇರುವ ಬೇರೇನೋ ಜೋಡಿ ಬರುತ್ತದೆ. ಕೊನೆಗೇ ಬೇಕು ಅಂದರೆ ‘ಅಪೆಂಡ್’. ಅದು ಹಳೆಯ ಲಿಸ್ಟಿನ ಪೆಟ್ಟಿಗೆಗಳನ್ನೆಲ್ಲ ಮತ್ತೆ ಹೊಸದಾಗಿ ಮಾಡುತ್ತದೆ. ಸಾವಿರ ಸಾಲಿನ ಬಿಲ್ಲಿಗೆ ಒಂದೊಂದೇ ಸಾಲನ್ನು ಹೀಗೆ ಸೇರಿಸಿದರೆ ಎಷ್ಟು ದಂಡದ ಕೆಲಸ ಅಂತ ಅವಳೇ ಬೋರ್ಡಿನ ಮುಂದೆ ನಿಂತು ಹೇಳಿದಳು. ಇಷ್ಟಕ್ಕೇ ಫೀಸು ವಸೂಲಾಯಿತು ಅನ್ನಿಸಿತು.

ಇನ್ನು ದೂರು. ನೋಟ್ಸ್ ಪೂರ್ತಿ ವರ್ಡ್‌ನಲ್ಲಿ ಟೈಪ್ ಮಾಡಿ ವಾಟ್ಸಾಪಿಗೆ ಹಾಕುತ್ತಾರೆ. ವರ್ಡ್ ನೇರ ಗೆರೆಯ ಕೋಟ್ ಚಿಹ್ನೆಯನ್ನು ಬಾಗಿಸಿಬಿಡುತ್ತದೆ. ರ‍್ಯಾಕೆಟ್‌ಗೆ ಅದು ಕೋಟೇ ಅಲ್ಲ. ಕಾಪಿ ಮಾಡಿ ಹಾಕಿದವರಿಗೆಲ್ಲ ಎರರ್, ಅರ್ಧ ಕ್ಲಾಸು ಅದರಲ್ಲೇ ಹೋಯಿತು. ರಿಕರ್ಶನ್ (ಫಂಕ್ಷನ್ ತನ್ನನ್ನೇ ಮತ್ತೆ ಕರೆಯುವುದು) ಕೊನೆಯ ವಾರಕ್ಕೆ ಇಟ್ಟು ಓಡಿಸಿದರು, ಅದೂ ಸರಿ ಕಾಣಲಿಲ್ಲ. ಲಿಸ್ಟ್ ಖಾಲಿಯಾ ಅಂತ ಮೊದಲು ಕೇಳು, ಇಲ್ಲದಿದ್ದರೆ ತಲೆ ತೆಗೆದು ಉಳಿದದ್ದಕ್ಕೆ ಅದನ್ನೇ ಮಾಡು. ಇಷ್ಟು ಮೈಗೆ ಹತ್ತಲು ಇನ್ನೊಂದೆರಡು ವಾರ ಬೇಕಿತ್ತು.

ಎರಡನೇ ಮಹಡಿ, ಲಿಫ್ಟ್ ಇಲ್ಲ, ಸೆಕೆ ಜಾಸ್ತಿ. ರ‍್ಯಾಕೆಟ್ ಮನೆಯಲ್ಲೇ ಹಾಕಿಕೊಂಡು ಹೋಗಿ, ಅಲ್ಲಿಯ ವೈಫೈ ನಂಬಬೇಡಿ.