ಇ-ಮಾರ್ಗ್: ಹಳ್ಳಿ ರಸ್ತೆ ನಿರ್ವಹಣೆಗೆ ಬೇಕಾಗಿದ್ದ ವ್ಯವಸ್ಥೆ

ತೀರ್ಥಹಳ್ಳಿ ಕಡೆ ಗುತ್ತಿಗೆದಾರರೊಬ್ಬರ ಹತ್ತಿರ ನಾನು ಸೈಟ್ ಎಂಜಿನಿಯರ್. ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆಯ ರಸ್ತೆಗಳನ್ನು ಕಟ್ಟಿದವರೇ 5 ವರ್ಷ ನೋಡಿಕೊಳ್ಳಬೇಕು. ಆ ನಿರ್ವಹಣೆಯ ತಪಾಸಣೆ, ಬಿಲ್ಲು ಎಲ್ಲ ಈಗ ಇ-ಮಾರ್ಗ್ ಎಂಬ ಸರ್ಕಾರಿ ಆನ್‌ಲೈನ್ ವ್ಯವಸ್ಥೆಯಲ್ಲಿ.

ಇಲಾಖೆಯ ಎಂಜಿನಿಯರ್ ರಸ್ತೆಗೇ ಬಂದು ಜಿಯೋ ಟ್ಯಾಗ್ (ತೆಗೆದ ಜಾಗದ ಗುರುತು) ಇರುವ ಫೋಟೊ ಅದರಲ್ಲಿ ಹಾಕಬೇಕು. ಗುಂಡಿ, ಚರಂಡಿ, ಮೋರಿ, ರಸ್ತೆ ಬದಿ ಹೇಗಿದೆ ಎಂದು ನೋಡಿ ಅಂಕ ಕೊಡುತ್ತಾರೆ. ದುಡ್ಡು ಆ ಅಂಕದ ಮೇಲೆ. ನನಗೆ ತುಂಬಾ ಹಿಡಿಸಿದ್ದು ಇದೇ. ಎಷ್ಟು ಜಲ್ಲಿ ಸುರಿದಿರಿ ಎಂದು ಯಾರೂ ಕೇಳುವುದಿಲ್ಲ, ರಸ್ತೆ ಚೆನ್ನಾಗಿರಬೇಕು ಅಷ್ಟೇ. ಹಾಗಾಗಿ ಮುಂಗಾರಿಗೆ ಮೊದಲೇ ಚರಂಡಿ ಬಿಡಿಸುತ್ತೇವೆ, ಮೋರಿಯ ಹೂಳು ತೆಗೆಸುತ್ತೇವೆ. ಮಲೆನಾಡಿನಲ್ಲಿ ಡಾಂಬರು ಜಾಸ್ತಿ ಕಿತ್ತು ಬರುವುದು ನಿಂತ ನೀರಿನಿಂದಲೇ ಅಲ್ವಾ?

ಆದರೆ ಫೋಟೊದಲ್ಲಿ ಮೇಲ್ಮೈ ಮಾತ್ರ ಕಾಣುತ್ತದೆ. ಡಾಂಬರಿನ ದಪ್ಪ, ಕೆಳಗಿನ ಪದರದ ಗಟ್ಟಿತನ ತಿಳಿಯಲು ಅಗೆದೇ ನೋಡಬೇಕು. ಆ ಪರೀಕ್ಷೆಯನ್ನು ಯಾರೂ ಬಿಡಬಾರದು. ಮಳೆಗಾಲದಲ್ಲಿ ಕಾಡಿನ ನಡುವೆ ನೆಟ್‌ವರ್ಕ್ ಸಿಗುವುದೂ ಕಷ್ಟ.

5ಕ್ಕೆ 4 ಸ್ಟಾರ್. ತಾಲೂಕಿನ ಉಳಿದ ರಸ್ತೆಗಳಿಗೂ ಇದೇ ಪದ್ಧತಿ ಬರಲಿ.